ಇತಿಹಾಸ ಸಮ್ಮೇಳನಕ್ಕೆ ನಿಮ್ಮೂರಿನ ಒಂದು ಕಲ್ಲು ಸಾಕು

ಇತಿಹಾಸ ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಪ್ರಬಂಧ ಓದೋಣ ಅಂದ ಕೂಡಲೇ ನಮ್ಮ ಕಲ್ಯಾಣ ಕರ್ನಾಟಕದ ಕಡೆ ಬಹಳ ಜನ 'ಬಹಮನಿ ಸುಲ್ತಾನರ ಕೊಡುಗೆ' ಅಂತ ಶೀರ್ಷಿಕೆ ಬರೆದುಬಿಡುತ್ತಾರೆ. ಬೇಡ. 1347ರಲ್ಲಿ ಬಹಮನಿ ರಾಜ್ಯ ಶುರುವಾಯಿತು, ಕಲಬುರಗಿಯಿಂದ ರಾಜಧಾನಿ ಬೀದರಿಗೆ ಹೋಯಿತು ಅನ್ನೋದು ಅಲ್ಲಿ ಕೂತವರಿಗೆಲ್ಲ ಗೊತ್ತು. ನಿಮ್ಮೂರ ಅಗಸಿ ಪಕ್ಕದ ವೀರಗಲ್ಲನ್ನು ಮಾತ್ರ ಅವರು ನೋಡಿರಲ್ಲ.

ಒಂದು ಕಲ್ಲಿನಿಂದ ಏನಾಗುತ್ತೆ ಅಂತೀರಾ? ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿ ಮೂರ್ತಿಯ ಕೆಳಗೆ ಪೀಠವಾಗಿದ್ದ ಚಪ್ಪಡಿ ನೋಡಿದರೆ ಅಶೋಕನ ಶಾಸನ! ಮೂರ್ತಿ ಕೂರಿಸೋಕೆ ಅಂತ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು.

ನಿಮ್ಮೂರ ಕಲ್ಲಿಗೆ ಸುಣ್ಣ, ಚಾಕ್‌ಪೀಸ್, ಎಣ್ಣೆ ಏನೂ ಹಚ್ಚಬೇಡಿ. ಧೂಳಿದ್ದರೆ ಮೆತ್ತನೆ ಬ್ರಷ್ ಸಾಕು. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಫೋಟೋ ತೆಗೆಯಿರಿ, ಮಧ್ಯಾಹ್ನ ಕಾಣದ ಅಕ್ಷರ ಆಗ ಎದ್ದು ಕಾಣುತ್ತೆ. ಪಕ್ಕದಲ್ಲೊಂದು ಸ್ಕೇಲ್ ಇಡಿ. ಊರವರು ಅದನ್ನು ಏನಂತ ಕರೀತಾರೆ, ಪೂಜೆ ಯಾರು ಮಾಡ್ತಾರೆ ಅನ್ನೋದನ್ನೂ ಬರೆದುಕೊಳ್ಳಿ, ಇದನ್ನು ಜಾಸ್ತಿ ಜನ ಬಿಟ್ಟುಬಿಡ್ತಾರೆ.

ಆಮೇಲೆ, ನಿಮ್ಮ ಕಲ್ಲಿನ ಶಾಸನ ಮೊದಲೇ ಅಚ್ಚಾಗಿದೆಯಾ ನೋಡಬೇಕು. ನಮ್ಮ ಜಿಲ್ಲೆಗಳು 1948ರವರೆಗೆ ನಿಜಾಮರ ಕೈಯಲ್ಲಿದ್ದವು ಅಲ್ವಾ, ಹಾಗಾಗಿ ಮೈಸೂರು ಕಡೆಯ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳನ್ನಷ್ಟೇ ತಿರುವಿ ಹಾಕಿ ಸಿಗಲಿಲ್ಲ ಅಂತ ಕೈಬಿಡಬೇಡಿ, ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್ ಮತ್ತು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳಲ್ಲೂ ಹುಡುಕಿ. ಮನೆಯಲ್ಲಿ ಹಳೇ ಕಾಗದ ಪತ್ರ ಇದ್ದರೆ ಅವು ಉರ್ದುವಿನಲ್ಲೋ ಮೋಡಿ ಲಿಪಿಯಲ್ಲೋ (ಮರಾಠಿ ಬರೆಯುತ್ತಿದ್ದ ಹಳೇ ಕೂಡುಬರಹ) ಇರಬಹುದು. ಓದೋ ಹಿರಿಯರು ಊರಲ್ಲಿದ್ದಾರಾ ಕೇಳಿ, ಇದ್ದರೆ ತಡಮಾಡಬೇಡಿ.

ಬರೆಯುವಾಗ ಕಂಡದ್ದು ಬೇರೆ, ಜನ ಹೇಳಿದ್ದು ಬೇರೆ, ನಿಮ್ಮ ಊಹೆ ಬೇರೆ ಇರಲಿ. ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿ ಕಳಿಸಿ, ಇಲ್ಲಾಂದ್ರೆ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ.

ವೇದಿಕೆಯಲ್ಲಿ ಸಮಯ ಕಡಿಮೆ ಸಿಗುತ್ತೆ. ಪೂರ್ತಿ ಪ್ರಬಂಧ ಓದೋಕೆ ಹೋಗಬೇಡಿ, ಅಧ್ಯಕ್ಷರು ಚೀಟಿ ಕಳಿಸ್ತಾರೆ. ಮೊದಲು ಫೋಟೋ ತೋರಿಸಿ, ಹೊಸದೇನು ಅಂತ ಹೇಳಿ, ಓದಲಾಗದ ಸಾಲನ್ನು ಸಭೆಯ ಮುಂದಿಡಿ. ಶಾಸನ ಓದಿ ಪಳಗಿದವರು ಅಲ್ಲೇ ಕೂತಿರ್ತಾರೆ, ಊಟದ ಹೊತ್ತಿಗೆ ತಾವೇ ಹುಡುಕಿಕೊಂಡು ಬರ್ತಾರೆ.