ಆಯಿಲ್ ಇಳಿಯುವ ಆ 20 ನಿಮಿಷ

ಒಂದು ಬೆಳಿಗ್ಗೆ ಕಾರು ತೆಗೆದ ಮೇಲೆ ನೆಲದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಬೆರಳಿಗೆ ಹಚ್ಚಿಕೊಂಡು ನೋಡಿದೆ, ಇಂಜಿನ್ ಆಯಿಲ್. ಸರ್ವೀಸ್ ಮಾಡಿಸಿ ಇನ್ನೂ ಎರಡು ವಾರ ಆಗಿರಲಿಲ್ಲ. ಬೇರೆ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಆಯಿಲ್ ಚೇಂಬರಿನ ತಳದಲ್ಲಿರುವ, ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್ ತೋರಿಸಿದರು. "ನೋಡಿ ಸರ್, ಥ್ರೆಡ್ಡೇ ಹೋಗಿದೆ. ಗನ್ ಹಾಕಿ ಬಿಗಿ ಮಾಡಿದ್ದಾರೆ." ಥ್ರೆಡ್ ಅಂದರೆ ಬೋಲ್ಟ್ ಹಿಡಿದುಕೊಳ್ಳುವ ತಿರುಪಿನ ಗೆರೆ, ಗನ್ ಅಂದರೆ ಬೋಲ್ಟ್ ಬಿಗಿ ಮಾಡುವ ಯಂತ್ರ. ಬೋಲ್ಟಿಗೆ ಬಿಳಿ ಟೇಪ್ ಸುತ್ತಿತ್ತು. ಅಂದ್ರೆ ಥ್ರೆಡ್ ಹೋಗಿದ್ದು ಹಿಂದಿನ ಗ್ಯಾರೇಜಿನವರಿಗೆ ಗೊತ್ತಿತ್ತು. ನನಗೆ ಒಂದು ಮಾತು ಹೇಳಿರಲಿಲ್ಲ.

ನನಗೆ ಬೇಜಾರಾಗಿದ್ದು ಅದೇ. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಟೇಪ್ ಸುತ್ತಿ ಮುಚ್ಚಿಟ್ಟು ಕಳಿಸಿದ್ದರು. ದಾರಿಯಲ್ಲಿ ಆ ಬೋಲ್ಟ್ ಬಿದ್ದುಹೋಗಿದ್ದರೆ ಆಯಿಲ್ ಪೂರ್ತಿ ಖಾಲಿಯಾಗಿ ಇಂಜಿನ್ನೇ ಹೋಗುತ್ತಿತ್ತು. ಥ್ರೆಡ್ ಸರಿ ಮಾಡಿಸಿಕೊಂಡು ಮನೆಗೆ ಬಂದೆ. ಮುಂದಿನ ಸಲ ಆಯಿಲ್ ನಾನೇ ಬದಲಿಸುತ್ತೇನೆ ಅಂತ ಅವತ್ತೇ ತೀರ್ಮಾನ ಮಾಡಿದೆ. ಅದಾಗಿ ಆರು ವರ್ಷ ಆಯಿತು. ಇದುವರೆಗೆ 9 ಸಲ ನಾನೇ ಬದಲಿಸಿದ್ದೇನೆ.

ದುಡ್ಡಿನ ಮಾತು ಮೊದಲು ಮುಗಿಸಿಬಿಡುತ್ತೇನೆ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಆಯಿಲ್, ಫಿಲ್ಟರ್ ಎರಡನ್ನೂ ಹೇಗಿದ್ದರೂ ಕೊಳ್ಳಲೇಬೇಕು. ಉಳಿಯುವುದು ಕೂಲಿ, ಜೊತೆಗೆ ಗ್ಯಾರೇಜಿನವರು ಆಯಿಲ್ ಮೇಲೆ ಇಟ್ಟುಕೊಳ್ಳುವ ಲಾಭ. ಮೊದಲ ಸಲ ಎತ್ತಿದ ಕಾರಿಗೆ ಆಸರೆ ಕೊಡುವ ಜಾಕ್ ಸ್ಟ್ಯಾಂಡ್, ಬಿಗಿ ಎಷ್ಟಾಯಿತು ಅಂತ ತಿಳಿಸುವ ಟಾರ್ಕ್ ರೆಂಚ್, ಫಿಲ್ಟರ್ ರೆಂಚ್, ಟ್ರೇ ಅಂತ ಎಲ್ಲ ಕೊಂಡಾಗ ಗ್ಯಾರೇಜ್ ಬಿಲ್ಲಿಗಿಂತ ಜಾಸ್ತಿಯೇ ಖರ್ಚಾಯಿತು. ನಾಲ್ಕನೇ ಸಲದ ಹೊತ್ತಿಗೆ ಲೆಕ್ಕ ಸರಿಹೋಯಿತು. ಬರೀ ಉಳಿತಾಯಕ್ಕೆ ಅಂತ ಇದಕ್ಕೆ ಕೈ ಹಾಕಬೇಡಿ. ವರ್ಷಕ್ಕೆ ಒಂದೆರಡು ಸಲದ ಕೆಲಸದಲ್ಲಿ ಉಳಿಯುವುದು ಅಷ್ಟೇನೂ ಇಲ್ಲ.

ಯಾವ ಆಯಿಲ್ ಹಾಕಬೇಕು ಅನ್ನುವುದಕ್ಕೆ ಅವರಿವರನ್ನು ಕೇಳಬೇಕಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲೇ ಬರೆದಿರುತ್ತದೆ. ನನ್ನದು ಪೆಟ್ರೋಲ್ ಕಾರು, 5ಡಬ್ಲ್ಯೂ-30 ಬೇಕು, ಫಿಲ್ಟರ್ ಸೇರಿ 3.6 ಲೀಟರ್. ಇದರಲ್ಲಿ ಡಬ್ಲ್ಯೂ ಅಂದರೆ ವಿಂಟರ್. ಮುಂದಿನ 5 ಹೇಳುವುದು ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು. ಹಿಂದಿನ 30 ಹೇಳುವುದು ಇಂಜಿನ್ ಕಾದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಎಷ್ಟು ಮಂದವಾಗಿರುತ್ತದೆ ಅನ್ನುವುದನ್ನು. "ಮಂದ ಆಯಿಲ್ ಹಾಕಿ, ಇಂಜಿನ್ ಜಾಸ್ತಿ ವರ್ಷ ಬರುತ್ತೆ" ಅಂತ ಹೇಳುವವರು ತುಂಬಾ ಜನ ಸಿಗುತ್ತಾರೆ. ನಾನು ಕೇಳಲಿಲ್ಲ. ಈಗಿನ ಇಂಜಿನ್ನಿನ ಒಳಗಿನ ಸಂದುಗಳು, ಆಯಿಲ್ ಪಂಪು ಎಲ್ಲ ಒಂದು ಅಳತೆಯ ಆಯಿಲ್‌ಗೆ ಹೊಂದಿಸಿ ಮಾಡಿದವು. ಡಬ್ಬದ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುಣಮಟ್ಟದ ಗ್ರೇಡ್ ಕೂಡ ನೋಡುತ್ತೇನೆ. ಪೆಟ್ರೋಲ್ ಇಂಜಿನ್ನಿಗೆ ಎಸ್ ಅಕ್ಷರದಿಂದ ಶುರುವಾಗುವ ಗ್ರೇಡ್. 2020ರಲ್ಲಿ ಎಸ್‌ಪಿ ಬಂತು, ನಾನು ಹಾಕುವುದು ಅದನ್ನೇ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದ್ದರೆ ಇನ್ನೂ ಹುಷಾರಾಗಿರಬೇಕು. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಕಾರಿನ ಕೆಳಗೆ ಹೋಗುವ ಮುಂಚೆ ಮಾಡಬೇಕಾದ್ದನ್ನು ಒತ್ತಿ ಹೇಳುತ್ತೇನೆ. ಬರೀ ಜಾಕ್ ನಂಬಿ ಯಾರೂ ಕಾರಿನ ಅಡಿಗೆ ಹೋಗಬಾರದು. ಟೈರ್ ಬದಲಿಸಲು ಕಾರಿನ ಜೊತೆ ಕೊಡುವ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ. ಸ್ವಲ್ಪ ಅಲುಗಿದರೂ ಅದು ಮಗುಚುತ್ತದೆ. ನಾನು ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಗಾಲಿಗಳಿಗೆ ಮರದ ತುಂಡು ಕೊಟ್ಟು, ಆಮೇಲೆ ಮುಂಭಾಗ ಎತ್ತಿ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಇಡುತ್ತೇನೆ. ಇಟ್ಟ ಮೇಲೆ ಕಾರನ್ನು ಎರಡು ಕೈಯಲ್ಲಿ ಜೋರಾಗಿ ಅಲ್ಲಾಡಿಸುತ್ತೇನೆ. ಅಲುಗುವುದಿದ್ದರೆ ನಾನು ಹೊರಗೆ ಇರುವಾಗಲೇ ಅಲುಗಲಿ. ಮನೆಯಲ್ಲಿ ಯಾರೂ ಇಲ್ಲದ ದಿನ ಈ ಕೆಲಸಕ್ಕೆ ಇಳಿಯುವುದೇ ಇಲ್ಲ.

ಕಾರು ಎತ್ತುವ ಮುಂಚೆಯೇ ಇಂಜಿನ್ ಐದು ನಿಮಿಷ ಓಡಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟಿರುತ್ತೇನೆ. ಬೆಚ್ಚಗಿರುವ ಆಯಿಲ್ ಚೆನ್ನಾಗಿ ಹರಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ದೂರ ಓಡಿಸಿ ಬಂದ ತಕ್ಷಣ ತೆಗೆದರೆ ಕೈ ಬೊಬ್ಬೆ ಬರುತ್ತದೆ. ಬಾನೆಟ್ ಎತ್ತಿ ಮೇಲಿನ ಮುಚ್ಚಳ ಸಡಿಲ ಮಾಡಿ, 17ರ ರಿಂಗ್ ಸ್ಪ್ಯಾನರ್‌ನಲ್ಲಿ ಡ್ರೈನ್ ಬೋಲ್ಟ್ ಬಿಡಿಸುತ್ತೇನೆ. ಕೊನೆಯ ಸುತ್ತುಗಳನ್ನು ಕೈಯಲ್ಲೇ, ಬೋಲ್ಟನ್ನು ಮೇಲಕ್ಕೆ ಒತ್ತಿಕೊಂಡೇ ತಿರುಗಿಸಬೇಕು. ಆಯಿಲ್ ಮೊದಲು ನೇರ ಕೆಳಗೆ ಬೀಳುವುದಿಲ್ಲ, ಒಂದು ಅಡಿ ಮುಂದಕ್ಕೆ ಚಿಮ್ಮುತ್ತದೆ. ಟ್ರೇ ಅದಕ್ಕೆ ತಕ್ಕಂತೆ ಇಡಬೇಕು.

ಆಮೇಲೆ ಕಾಯುವುದು. ಗ್ಯಾರೇಜಿನಲ್ಲಿ ಧಾರೆ ನಿಂತು ಹನಿ ಶುರುವಾದ ಕೂಡಲೇ ಬೋಲ್ಟ್ ಹಾಕಿಬಿಡುತ್ತಾರೆ, ಅವರಿಗೆ ಮುಂದಿನ ಕಾರು ಕಾಯುತ್ತಿರುತ್ತದೆ. ನಿಧಾನಕ್ಕೆ ಇಳಿಸಿದರೆ ಹಳೆ ಆಯಿಲ್ ಪೂರ್ತಿ ಬರುತ್ತದೆ, ನಾನೇ ಮಾಡುವುದರ ದೊಡ್ಡ ಲಾಭ ಅದೇ ಅಂತ ನಾನು ನಂಬಿದ್ದೆ. ಮೂರನೇ ಸಲ ಅಳೆದು ನೋಡಿದೆ. ಐದು ನಿಮಿಷ ಆದ ಮೇಲೆ ಟ್ರೇ ಬದಲಿಸಿ, ಇನ್ನೂ 20 ನಿಮಿಷ ಬಿಟ್ಟೆ. ಆ 20 ನಿಮಿಷದಲ್ಲಿ ಬಂದಿದ್ದು ಒಂದು ಲೋಟದಷ್ಟೂ ಇರಲಿಲ್ಲ. 3.6 ಲೀಟರಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಈ ವಿಷಯದಲ್ಲಿ ಗ್ಯಾರೇಜಿನವರ ಅವಸರದಿಂದ ನಷ್ಟವೇನೂ ಇಲ್ಲ ಅಂತ ಒಪ್ಪಿಕೊಂಡೆ.

ಆದರೂ ಈಗಲೂ 20 ನಿಮಿಷ ಬಿಡುತ್ತೇನೆ. ಕಾರಣ ಬೇರೆ. ಹನಿ ಬೀಳುತ್ತಿರುವಾಗ ಬೇರೆ ಕೆಲಸ ಇರುವುದಿಲ್ಲ. ಟಾರ್ಚ್ ಹಿಡಿದು ಕಾರಿನ ಕೆಳಗನ್ನೆಲ್ಲ ನೋಡುತ್ತೇನೆ. ಬ್ರೇಕ್ ಪೈಪು ಎಲ್ಲಾದರೂ ಒದ್ದೆಯಾಗಿದೆಯಾ, ಟೈರಿನ ಒಳಬದಿ ಒಂದೇ ಕಡೆ ಸವೆದಿದೆಯಾ, ಸೈಲೆನ್ಸರ್ ಹಿಡಿದಿರುವ ರಬ್ಬರು ಬಿರಿದಿದೆಯಾ. ಏಳನೇ ಸಲ ಹೀಗೆ ನೋಡುವಾಗ ಎಡಗಡೆ ಗಾಲಿಯ ಒಳಬದಿಯಲ್ಲಿ ಗ್ರೀಸ್ ಚಿಮ್ಮಿದ ಗೆರೆ ಕಂಡಿತು. ಹಿಂದೆ ಹುಡುಕಿದರೆ ಆಕ್ಸಲ್ ಬೂಟಿನ, ಅಂದರೆ ಗಾಲಿ ತಿರುಗಿಸುವ ದಂಡದ ಜಾಯಿಂಟನ್ನು ಮುಚ್ಚುವ ಚೀಲದ, ರಬ್ಬರಿನಲ್ಲಿ ಬೆರಳಗಲದ ಸೀಳು. ಓಡಿಸುವಾಗ ಯಾವ ಸದ್ದೂ ಇರಲಿಲ್ಲ. ಆ ಸೀಳಿನಿಂದ ಗ್ರೀಸ್ ಹೊರಗೆ ಹೋಗಿ ಮಣ್ಣು, ನೀರು ಒಳಗೆ ಸೇರಿದರೆ ಜಾಯಿಂಟೇ ಸವೆಯುತ್ತದೆ. ತಿರುವಿನಲ್ಲಿ ಕಟಕಟ ಅಂತ ಸದ್ದು ಬರುವ ಹೊತ್ತಿಗೆ ಜಾಯಿಂಟನ್ನೇ ಬದಲಿಸಬೇಕಾಗುತ್ತದೆ. ನನಗೆ ರಬ್ಬರು ಮತ್ತು ಹೊಸ ಗ್ರೀಸಿನಲ್ಲಿ ಮುಗಿಯಿತು. ಆ ಕೆಲಸವನ್ನು ಗ್ಯಾರೇಜಿಗೇ ಕೊಟ್ಟೆ.

ನಾನು ಆಯಿಲ್ ಬದಲಿಸುವುದನ್ನು ಮುಂದುವರಿಸಲು ಮುಖ್ಯ ಕಾರಣ ಇದೇ. ಬೋಲ್ಟು, ಫಿಲ್ಟರ್ ಕೆಲಸವನ್ನು ಒಳ್ಳೆ ಮೆಕ್ಯಾನಿಕ್ ನನಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ನನ್ನ ಕಾರಿನ ಅಡಿ ಕಳೆದ ಸಲ ಹೇಗಿತ್ತು, ಈ ಸಲ ಏನು ಬದಲಾಗಿದೆ ಅನ್ನುವುದು ನೋಡುತ್ತಾ ಬಂದವರಿಗೆ ಮಾತ್ರ ಗೊತ್ತಾಗುತ್ತದೆ, ಅಲ್ವಾ?

ಇನ್ನು ಫಿಲ್ಟರ್. ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲಿ, ಅದೂ ಮೊದಲ ಸಲವೇ. ಹಳೆ ಫಿಲ್ಟರ್ ಬಿಚ್ಚಿದೆ. ಹೊಸದರ ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ ಹಾಕಿದೆ, ಆಯಿಲ್ ತುಂಬಿಸಿ ಇಂಜಿನ್ ಸ್ಟಾರ್ಟ್ ಮಾಡಿದೆ. ತಮ್ಮ ಪಕ್ಕದಲ್ಲಿ ಬಗ್ಗಿ ಕೆಳಗೆ ನೋಡುತ್ತಿದ್ದ. ಎರಡೇ ಕ್ಷಣ, "ಅಣ್ಣಾ, ಆಫ್ ಮಾಡು, ಆಫ್ ಮಾಡು!" ಅಂತ ಕೂಗಿದ. ಅಷ್ಟರಲ್ಲೇ ಅರ್ಧ ಲೀಟರಿಗೂ ಜಾಸ್ತಿ ಆಯಿಲ್ ನೆಲದ ಮೇಲಿತ್ತು. ಆಗಿದ್ದಿಷ್ಟು: ಹಳೆ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆ ಹೊಸ ರಿಂಗು ಕೂತಿತ್ತು. ಎರಡು ರಬ್ಬರು ಒಂದರ ಮೇಲೊಂದು ನಿಲ್ಲುವುದಿಲ್ಲ, ಆಯಿಲ್ ಒತ್ತಡ ಬಂದ ಕೂಡಲೇ ಜಾರುತ್ತವೆ. ಮರದ ಪುಡಿ ಹಾಕಿ ನೆಲ ಒರೆಸಿದೆವು. ಅರ್ಧ ದಿನ ಹಿಡಿಯಿತು. ಒಬ್ಬನೇ ಇದ್ದು, ಸ್ಟಾರ್ಟ್ ಮಾಡಿ ಒಂದು ನಿಮಿಷ ಓಡಿಸಿದ್ದರೆ ಇಂಜಿನ್ ಆಯಿಲ್ ಇಲ್ಲದೆ ಉಜ್ಜಿಹೋಗುತ್ತಿತ್ತು.

ಅವತ್ತಿನಿಂದ ಹಳೆ ಫಿಲ್ಟರ್ ಕೈಗೆ ಬಂದ ತಕ್ಷಣ ತಿರುಗಿಸಿ, ರಿಂಗು ಅದರಲ್ಲೇ ಇದೆಯಾ ಅಂತ ನೋಡುತ್ತೇನೆ. ಆಮೇಲೆ ಇಂಜಿನ್ ಕಡೆ ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳುತ್ತೇನೆ. ಹೊಸ ಫಿಲ್ಟರನ್ನು ಕೈಯಲ್ಲೇ ತಿರುಗಿಸಬೇಕು. ರಬ್ಬರು ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ. ಕೆಲವು ಫಿಲ್ಟರಿನ ಡಬ್ಬದ ಮೇಲೆ ಬೇರೆ ಲೆಕ್ಕ ಬರೆದಿರುತ್ತದೆ, ಇದ್ದರೆ ಅದನ್ನೇ ಪಾಲಿಸಿ. ಫಿಲ್ಟರ್ ರೆಂಚ್ ಬಿಚ್ಚಲಿಕ್ಕೆ ಮಾತ್ರ, ಬಿಗಿ ಮಾಡಲಿಕ್ಕಲ್ಲ.

ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕುತ್ತೇನೆ. ಅದು ಒಂದು ಸಲ ಒತ್ತಿ ಚಪ್ಪಟೆಯಾಗಿ ಸೋರಿಕೆ ತಡೆಯಲೆಂದೇ ಮಾಡಿದ್ದು. ಹಳೆ ವಾಷರ್ ಸೋರಿದಾಗ ಜನ ಬೋಲ್ಟನ್ನು ಇನ್ನೂ ಬಿಗಿ ಮಾಡುತ್ತಾರೆ. ಥ್ರೆಡ್ ಹೋಗುವುದು ಹಾಗೇ. ಬೋಲ್ಟನ್ನು ಮೊದಲು ಕೈಯಲ್ಲೇ ಪೂರ್ತಿ ಹಿಡಿಸಬೇಕು. ಕೈಯಲ್ಲಿ ತಿರುಗದಿದ್ದರೆ ಅಡ್ಡ ಹಿಡಿದಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಶುರು ಮಾಡಬೇಕು. ನನ್ನ ಕಾರಿಗೆ ಬೇಕಾದ ಬಿಗಿ 35 ನ್ಯೂಟನ್ ಮೀಟರ್. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 14 ಕೆಜಿ ತೂಗುಹಾಕಿದಷ್ಟು. ಟಾರ್ಕ್ ರೆಂಚಿನಲ್ಲಿ ಮೊದಲ ಸಲ ಆ 'ಟಕ್' ಸದ್ದು ಕೇಳಿದಾಗ, ಇಷ್ಟೇನಾ ಅನ್ನಿಸಿತು. ನನ್ನ ಅಂದಾಜಿಗೆ ಬಿಟ್ಟಿದ್ದರೆ ಅದರ ಎರಡರಷ್ಟು ಎಳೆಯುತ್ತಿದ್ದೆ.

ಆಯಿಲ್ ತುಂಬುವಾಗ ಅಳತೆಯಷ್ಟನ್ನೂ ಒಮ್ಮೆಲೇ ಸುರಿಯುವುದಿಲ್ಲ. 3.2 ಲೀಟರ್ ಹಾಕಿ, ಗೇರು ನ್ಯೂಟ್ರಲ್‌ಗೆ ತಂದು, ಒಂದು ನಿಮಿಷ ಇಂಜಿನ್ ಓಡಿಸುತ್ತೇನೆ. ಆಯಿಲ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಬೇಕು. ಕಾರನ್ನು ಕೆಳಗಿಳಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ, ಬೇಕಾದಷ್ಟು ಸೇರಿಸುತ್ತೇನೆ. ಮೇಲಿನ ಗೆರೆ ದಾಟಬಾರದು. ಜಾಸ್ತಿಯಾದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ಇರುವುದರಿಂದ ಸರಿಯಾದ ಒತ್ತಡ ಬರುವುದಿಲ್ಲ. ದಿನಾಂಕ, ಎಷ್ಟು ಕಿಲೋಮೀಟರ್ ಓಡಿದೆ, ಯಾವ ಆಯಿಲ್, ಯಾವ ಫಿಲ್ಟರ್ ಅಂತ ಒಂದು ಪುಸ್ತಕದಲ್ಲಿ ಬರೆದು, ಬಿಲ್ಲುಗಳನ್ನು ಅದರಲ್ಲೇ ಇಡುತ್ತೇನೆ. ವಾರಂಟಿ ಇರುವ ಕಾರಾದರೆ ಇದು ಬಹಳ ಮುಖ್ಯ.

ಹಳೆ ಆಯಿಲ್ ಏನು ಮಾಡುವುದು ಅಂತ ಯೋಚಿಸದೆ ಈ ಕೆಲಸ ಶುರು ಮಾಡಬೇಡಿ. ಅದನ್ನು ಮೋರಿಗೆ, ಮಣ್ಣಿಗೆ, ಗಿಡದ ಬುಡಕ್ಕೆ ಯಾವತ್ತೂ ಸುರಿಯಬಾರದು. ಇಂಜಿನ್ನಿನಲ್ಲಿ ಸುಟ್ಟ ಪೆಟ್ರೋಲಿನ ಮಸಿ, ಸವೆದ ಲೋಹ ಎಲ್ಲ ಅದರಲ್ಲಿರುತ್ತದೆ. ಅದಕ್ಕೇ ಕೈಗವಸು ಇಲ್ಲದೆ ನಾನು ಅದನ್ನು ಮುಟ್ಟುವುದಿಲ್ಲ. ಹೊಸ ಆಯಿಲ್ ಬಂದ ಡಬ್ಬಕ್ಕೇ ಹಳೆಯದನ್ನು ಲಾಳಿಕೆ ಇಟ್ಟು ತುಂಬಿಸಿ, ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿಯುತ್ತೇನೆ. ಎರಡನ್ನೂ ಹಳೆ ಆಯಿಲ್ ಸಂಗ್ರಹಿಸುವವರಿಗೆ ಕೊಡುತ್ತೇನೆ. ನೀರು, ಕೂಲೆಂಟ್, ಪೆಟ್ರೋಲ್ ಬೆರೆಸದೆ ಕೊಟ್ಟರೆ ಅದನ್ನು ಶುದ್ಧ ಮಾಡಿ ಮತ್ತೆ ಆಯಿಲ್ ಮಾಡಬಹುದು.

ಅಪ್ಪನ ಕಾರಿಗೆ ಮಾತ್ರ ಗ್ಯಾರೇಜಿನಲ್ಲೇ ಮಾಡಿಸುತ್ತೇನೆ. ಅದರ ಅಡಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಮುಚ್ಚಳ ಇದೆ, ಫಿಲ್ಟರ್ ಕೂಡ ಸೈಲೆನ್ಸರ್ ಪೈಪಿನ ಹಿಂದೆ ಸಂದಿಯಲ್ಲಿದೆ. ನೆಲದಲ್ಲಿ ಮಲಗಿ ಮಾಡುವ ಕೆಲಸ ಅಲ್ಲ, ಲಿಫ್ಟ್ ಬೇಕು. ಥ್ರೆಡ್ ಹೋಗಿದ್ದನ್ನು ಮೊದಲು ತೋರಿಸಿದ ಅದೇ ಮೆಕ್ಯಾನಿಕ್ ಹತ್ತಿರ ಹೋಗುತ್ತೇನೆ. ಹೊಸ ವಾಷರ್ ನಾನೇ ಒಯ್ಯುತ್ತೇನೆ. ಮೊದಲ ಸಲ, "ಅಣ್ಣಾ, ಬೋಲ್ಟನ್ನ ಗನ್‌ನಲ್ಲಿ ಹಾಕ್ಬೇಡಿ, ಕೈಯಲ್ಲಿ ಹಿಡಿಸಿ" ಅಂದಿದ್ದೆ. ಕಾರಣ ಅವರಿಗೆ ಗೊತ್ತಿತ್ತು. ಈಗ ಹೇಳಬೇಕಾಗಿಲ್ಲ. ಕಾರು ಲಿಫ್ಟಿಗೆ ಏರುವ ಮುಂಚೆಯೇ ಟಾರ್ಕ್ ರೆಂಚ್ ತೆಗೆದು ಪಕ್ಕಕ್ಕೆ ಇಟ್ಟಿರುತ್ತಾರೆ. ಆಯಿಲ್ ಇಳಿಯುವಾಗ ಒಂದು ಟಾರ್ಚ್ ನನ್ನ ಕೈಗೂ ಕೊಡುತ್ತಾರೆ.