ಮೈಲುತುತ್ತದ ಹರಳಿನೊಳಗಿನ ನೀರು

ಆಗುಂಬೆ ಕಡೆಯ ಮಕ್ಕಳಿಗೆ ನೀರು ಎಲ್ಲಿಂದ ಬಂತು ಎಂದು ಕೇಳಿದರೆ ಮಾಡಿನಾಚೆ ಕೈ ತೋರಿಸುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಊರು, ಅವರ ತಪ್ಪೇನಿಲ್ಲ. ಆದರೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜಲಚಕ್ರದ ಚಿತ್ರ ನೋಡಿ ಎದ್ದು ನಿಂತಳು: "ಮೇಡಂ, ಮಳೆಗೆ ನೀರು ಸಮುದ್ರದಿಂದ ಬಂತು. ಸಮುದ್ರಕ್ಕೆ ಮೊದಲು ಎಲ್ಲಿಂದ ಬಂತು?"

ಧೂಮಕೇತುಗಳಿಂದ ಎಂದುಬಿಟ್ಟೆ. ನಾನು ಕಲಿತಿದ್ದ ಉತ್ತರ ಅದು. ರಾತ್ರಿ ಕುಳಿತು ಓದಿದ ಮೇಲೆ ನಿದ್ದೆ ಬರಲಿಲ್ಲ.

ನೀರಿನ ಊರು ಪತ್ತೆ ಮಾಡಲು ವಿಜ್ಞಾನಿಗಳು ಡ್ಯೂಟೀರಿಯಂ ಎಣಿಸುತ್ತಾರೆ. ಅದು ಹೈಡ್ರೋಜನ್ನಿನ ಭಾರವಾದ ರೂಪ; ಎರಡು ಕಡೆಯ ನೀರಿನಲ್ಲಿ ಅದರ ಪ್ರಮಾಣ ಹೊಂದಿದರೆ ಮೂಲ ಒಂದೇ ಇರಬಹುದು. ಸಮುದ್ರದ ನೀರಿನಲ್ಲಿ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಅದು ಒಂದು. ಇದನ್ನು ತೋರಿಸಲು ನೂರು ಭತ್ತದ ಕಾಳು ಎಣಿಸಿ ತೂಗಿದೆವು, ಅದರ 64 ಪಟ್ಟು ತೂಕದ ಭತ್ತವನ್ನು ಮೊರಕ್ಕೆ ಸುರಿದು ಒಂದೇ ಒಂದು ಕಾಳಿಗೆ ಕುಂಕುಮ ಹಚ್ಚಿ ಬೆರೆಸಿದೆವು. ಪಕ್ಕದ ಮೊರದಲ್ಲಿ ಮೂರು ಕೆಂಪು ಕಾಳು: 2014ರಲ್ಲಿ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಬಳಿ ಅಳೆದ ಪ್ರಮಾಣ ಸಮುದ್ರದ ಮೂರು ಪಟ್ಟಿಗೂ ಹೆಚ್ಚು. 2024ರಲ್ಲಿ ಅದೇ ಅಳತೆಗಳನ್ನು ಮತ್ತೆ ಪರಿಶೀಲಿಸಿದವರು, ಧೂಳಿನಿಂದಾಗಿ ಲೆಕ್ಕ ಉಬ್ಬಿತ್ತು, ನಿಜವಾದ ಪ್ರಮಾಣ ಭೂಮಿಯದಕ್ಕೆ ಇನ್ನಷ್ಟು ಹತ್ತಿರ ಎಂದರು. ಆ ವರ್ಷದ ಪಾಠದಲ್ಲಿ ಒಂದು ಕೆಂಪು ಕಾಳನ್ನು ಮಕ್ಕಳ ಎದುರಿಗೇ ಹೆಕ್ಕಿ ಹೊರಗಿಟ್ಟೆ. ವಿಜ್ಞಾನ ಹೇಗೆ ನಡೆಯುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ನನಗೆ ಹೇಳಿಕೊಡಲು ಬರುವುದಿಲ್ಲ.

ಧೂಮಕೇತುಗಳನ್ನು ಹಾಗಾಗಿ ಪೂರ್ತಿ ಬಿಡುವಂತಿಲ್ಲ. ಆದರೂ ಸಮುದ್ರದ ಲೆಕ್ಕಕ್ಕೆ ಚೆನ್ನಾಗಿ ಹೊಂದುವುದು ಇಂಗಾಲ ಹೆಚ್ಚಿರುವ ಒಂದು ಬಗೆಯ ಉಲ್ಕಾಶಿಲೆ. ಕಲ್ಲಿನಲ್ಲಿ ನೀರೇ? ಮಕ್ಕಳು ಒಪ್ಪಲಿಲ್ಲ. ಕಣ್ಣಿಗೆ ಕಾಣಿಸಲೇಬೇಕಿತ್ತು.

ನಮ್ಮಲ್ಲಿ ಅಡಿಕೆ ತೋಟವಿರುವ ಮನೆಯಲ್ಲೆಲ್ಲ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು. ಮುಟ್ಟಿದರೆ ಒಣಗಿದ ನೀಲಿ ಹರಳು, ಆದರೆ ಹತ್ತು ಗ್ರಾಮಿನಲ್ಲಿ 3.6 ಗ್ರಾಂ ನೀರೇ. ಪುಡಿ ಮಾಡಿ ಪ್ರನಾಳಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಮೊದಲ ಸಲ ಬಾಯಿ ಮೇಲಿಟ್ಟಿದ್ದರಿಂದ ಹನಿಗಳು ಬಿಸಿ ಗಾಜಿಗೆ ಜಾರಿ ಪ್ರನಾಳ ಸೀಳಿತು. ಈಗ ಬಾಯಿಯನ್ನು ತುಸು ಕೆಳಕ್ಕೆ ಬಾಗಿಸಿ, ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ವಿಷವಾದ್ದರಿಂದ ಪುಡಿಯನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ನೀಲಿ ಮಾಸಿ ಬೆಳ್ಳಗಾಗುತ್ತದೆ, ಗಾಜಿನ ಅಂಚಿನಲ್ಲಿ ಮಂಜು ಕಟ್ಟಿ, ಹನಿಯಾಗಿ ತೊಟ್ಟಿಕ್ಕುತ್ತದೆ. ತರಗತಿಯಲ್ಲಿ ಆಗ ಹೊರಗಿನ ಮಳೆಯದ್ದೊಂದೇ ಸದ್ದು.

ಎಳೆಯ ಭೂಮಿಯಲ್ಲಿಯೂ ಹೀಗೆಯೇ ಕಾದು ಕರಗಿದ ಕಲ್ಲು ಆವಿ ಬಿಟ್ಟಿತು, ತಣಿದ ಮೇಲೆ ಅದು ಮಳೆಯಾಯಿತು ಎಂದೆ. ಆ ಕಲ್ಲುಗಳೆಲ್ಲ ದೂರದಿಂದಲೇ ಬರಬೇಕಿರಲಿಲ್ಲವೇನೋ. ಸೂರ್ಯನ ಸಮೀಪವೇ ರೂಪುಗೊಂಡ, ಒಣ ಎನಿಸಿಕೊಂಡಿದ್ದ ಎನ್‌ಸ್ಟಟೈಟ್ ಉಲ್ಕೆಗಳಲ್ಲಿಯೂ, ಭೂಮಿ ಅಂಥ ಕಲ್ಲಿನಿಂದಲೇ ಆಗಿದ್ದರೆ ಅದರ ಸಮುದ್ರಗಳನ್ನೆಲ್ಲ ಮೂರು ಸಲ ತುಂಬಲು ಸಾಲುವಷ್ಟು ಹೈಡ್ರೋಜನ್ ಇತ್ತೆಂದು 2020ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದ್ದಾರೆ. ನನಗೆ ಈ ದಾರಿಯೇ ಹೆಚ್ಚು ಒಪ್ಪಿಗೆ, ವಾದ ಮುಗಿದಿಲ್ಲವಾದರೂ.

ತಣಿದ ಬಿಳಿ ಪುಡಿಗೆ ಎರಡು ಹನಿ ನೀರು ಬಿಟ್ಟೆ. ಮತ್ತೆ ನೀಲಿ, ಗಾಜು ಬಿಸಿ. ಅದೇ ಹುಡುಗಿ ಕೇಳಿದಳು: "ಹಾಗಾದರೆ ಸಮುದ್ರವೂ ವಾಪಸ್ ಕಲ್ಲಿನೊಳಗೆ ಹೋಗಬಹುದಲ್ಲ ಮೇಡಂ?"

ಮಂಗಳ ಗ್ರಹದ ನೀರಿನಲ್ಲಿ ದೊಡ್ಡ ಪಾಲು ಹೊರಪದರದ ಖನಿಜಗಳಿಗೆ ಸೇರಿಹೋಗಿರಬಹುದು ಎಂದು 2021ರ ಅಧ್ಯಯನವೊಂದು ಹೇಳಿದೆ. ಮರುದಿನದ ತರಗತಿಯನ್ನು ಅಲ್ಲಿಂದಲೇ ಶುರು ಮಾಡಿದೆ.