ಮನೆಯಲ್ಲೇ ಕಟ್ಟುವ ಹೈ-ಫೈಗೆ ಯಾವ ಪವರ್ ಆಂಪ್?

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಆಂಪ್ಲಿಫೈಯರ್ ಬೋರ್ಡ್ ಕೇಳಿದರೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್?’. ಅಲ್ಲಿಗೆ ಹೋಗುವ ಮೊದಲೇ ನಿಮ್ಮ ಸ್ಪೀಕರ್ ಎಷ್ಟು ಓಮ್, ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡಿಬಿ ಸದ್ದು) ಎಷ್ಟು ಅಂತ ನೋಡಿಕೊಳ್ಳಿ. 86 ಡಿಬಿ ಸ್ಪೀಕರಿಗೆ 25 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡಿಬಿ ಸಿಗುತ್ತದೆ. ಅದನ್ನು 50 ವ್ಯಾಟಿಗೆ ಏರಿಸಿದರೆ ಇನ್ನು 3 ಡಿಬಿ, ಅಷ್ಟೇ. ಗೋಡೆಯಾಚೆ ಪಕ್ಕದ ಮನೆಯಿರುವ ಅಪಾರ್ಟ್‌ಮೆಂಟಿಗೆ 25 ವ್ಯಾಟ್ ಧಾರಾಳ.

ಅಂಗಡಿಯವರು ತೋರಿಸುವ 5200-1943 ಟ್ರಾನ್ಸಿಸ್ಟರ್ ಬೋರ್ಡಿಗೆ ಶಕ್ತಿಯಿದೆ, ನಿಜ. ಆದರೆ ಬಯಾಸ್ (ಹಾಡಿಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟ್) ನೀವೇ ಹೊಂದಿಸಬೇಕು. ಬಯಾಸ್ ಟ್ರಾನ್ಸಿಸ್ಟರ್ ಹೀಟ್ ಸಿಂಕಿಗೆ (ಬಿಸಿ ಹೀರುವ ಲೋಹದ ತುಂಡಿಗೆ) ಅಂಟಿರದಿದ್ದರೆ ಬಿಸಿಯಾದಷ್ಟೂ ಕರೆಂಟ್ ಏರುತ್ತಾ ಹೋಗಿ ಔಟ್‌ಪುಟ್ ಜೋಡಿ ಸುಟ್ಟುಹೋಗುತ್ತದೆ. ನಕಲಿ ಟ್ರಾನ್ಸಿಸ್ಟರುಗಳ ಕಾಟ ಬೇರೆ. ಕ್ಲಾಸ್-ಡಿ (ಅತಿ ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುವ) ಚಿಪ್ ಟಿಪಿಎ3116 ಅಗ್ಗ, 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರಿನಲ್ಲೇ ಓಡುತ್ತದೆ. ಅದರ ಸ್ಪೀಕರ್ ಮೈನಸ್ ತಂತಿಯನ್ನು ಮಾತ್ರ ಎಂದೂ ಗ್ರೌಂಡಿಗೆ ಸೇರಿಸಬೇಡಿ, ಅದೂ ಒಂದು ಔಟ್‌ಪುಟ್ಟೇ.

ಮೊದಲ ಸಲ ಕಟ್ಟುವವರಿಗೆ ನಮ್ಮ ಆಯ್ಕೆ, ಇಡೀ ಪವರ್ ಆಂಪ್ ಒಂದೇ ಚಿಪ್ಪಿನಲ್ಲಿರುವ ಎಲ್‌ಎಂ3886. ಬಯಾಸ್ ಹೊಂದಿಸುವ ಕೆಲಸವಿಲ್ಲ. ಓವರ್‌ಲೋಡ್, ಅತಿ ಬಿಸಿ ಎರಡರಿಂದಲೂ ಚಿಪ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಸ್ಟೀರಿಯೊಗೆ ಎರಡು ಬೇಕು.

ಟ್ರಾನ್ಸ್‌ಫಾರ್ಮರ್ 18-0-18, 5 ಆಂಪ್, ಕಾಪರ್ ವೈಂಡಿಂಗ್ ಎಂದೇ ಕೇಳಿ. ರೆಕ್ಟಿಫೈ ಆಗಿ ಡಿಸಿ ಆದಮೇಲೆ ಸುಮಾರು ±24 ವೋಲ್ಟ್. 8 ಓಮಿಗೆ 25 ವ್ಯಾಟಿನ ಆಸುಪಾಸು. ವ್ಯಾಟಿನ ಆಸೆಗೆ 24-0-24 ತಂದು 4 ಓಮ್ ಸ್ಪೀಕರ್ ಹಾಕಿದರೆ ಚಿಪ್ ಕಾದು, ಪ್ರೊಟೆಕ್ಷನ್ ಎದ್ದು, ಹಾಡು ಚೂರುಚೂರಾಗಿ ಕೇಳುತ್ತದೆ. ಪ್ರತಿ ರೈಲಿಗೆ, ಅಂದರೆ ಪ್ಲಸ್, ಮೈನಸ್ ಸಪ್ಲೈ ತಂತಿ ಒಂದೊಂದಕ್ಕೂ, 50 ವೋಲ್ಟಿನ 10,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಸಾಕು. ಜೊತೆಗೆ ಚಿಪ್ಪಿನ ಕಾಲಿನ ಬುಡದಲ್ಲೇ 0.1 ಮೈಕ್ರೊಫ್ಯಾರಡ್ ಇರಬೇಕು. ದೂರವಾದರೆ ಆಸಿಲೇಷನ್ (ಆಂಪ್ ತಾನಾಗಿಯೇ ಕಂಪಿಸುವುದು) ಶುರುವಾಗುತ್ತದೆ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) 10ಕ್ಕಿಂತ ಕಡಿಮೆಯಾದರೂ ಅದೇ ಪಾಡು. 20 ಕೆ ಮತ್ತು 1 ಕೆ ರೆಸಿಸ್ಟರ್ ಹಾಕಿದರೆ 21 ಸಿಗುತ್ತದೆ. 8ನೇ ಪಿನ್ನಿನಿಂದ ಮೈನಸ್ ರೈಲಿಗೆ 22 ಕೆ ಹಾಕಲು ಮರೆತರೆ ಚಿಪ್ ಮ್ಯೂಟಿನಲ್ಲೇ ಇರುತ್ತದೆ. ಎಲ್ಲ ಸರಿಯಿದ್ದೂ ಸದ್ದಿಲ್ಲ ಎಂದರೆ ಮೊದಲು ಇದನ್ನೇ ನೋಡಿ.

ಚಿಪ್ಪಿನ ಲೋಹದ ಬೆನ್ನು ಮೈನಸ್ ರೈಲಿಗೆ ಸೇರಿದೆ. ನಡುವೆ ಮೈಕಾ ಹಾಳೆ, ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ ಹಾಕಿ, ಬೆನ್ನಿಗೂ ಹೀಟ್ ಸಿಂಕಿಗೂ ಮಲ್ಟಿಮೀಟರ್ ಬೀಪ್ ಬರುತ್ತಿಲ್ಲ ಎಂದು ಖಚಿತಮಾಡಿಕೊಳ್ಳಿ. ‘ಟಿಎಫ್’ ಎಂಬ ಪೂರ್ತಿ ಪ್ಲಾಸ್ಟಿಕ್ ಮೈಯ ಚಿಪ್ಪಿಗೆ ಮೈಕಾ ಬೇಡ, ಪೇಸ್ಟ್ ಸಾಕು.

ಹಮ್ ಬರುವುದು ಬಹುಪಾಲು ಗ್ರೌಂಡ್ ಎಳೆದ ರೀತಿಯಿಂದ. ಟ್ರಾನ್ಸ್‌ಫಾರ್ಮರಿನ ನಡುತಂತಿ ಮತ್ತು ಕೆಪಾಸಿಟರುಗಳು ಕೂಡುವ ಜಾಗದಲ್ಲಿ ಚಾರ್ಜಿಂಗ್ ಕರೆಂಟ್ ಹೊಡೆತ ಹೊಡೆತವಾಗಿ ಹರಿಯುತ್ತದೆ. ಸಿಗ್ನಲ್ ಗ್ರೌಂಡನ್ನು ಅಲ್ಲೇ ಬೆಸೆದರೆ 100 ಹರ್ಟ್ಸಿನ ಗುಂಯ್ ತಪ್ಪದು. ಆ ಜಾಗದಿಂದ ಒಂದೇ ದಪ್ಪ ತಂತಿ ಎರಡು ಇಂಚು ಹೊರಗೆ ತಂದು, ಅದರ ತುದಿಯಲ್ಲಿ ಸ್ಪೀಕರ್ ರಿಟರ್ನ್, ಸಿಗ್ನಲ್ ಗ್ರೌಂಡ್ ಎಲ್ಲವನ್ನೂ ಸೇರಿಸಿ. ಲೋಹದ ಪೆಟ್ಟಿಗೆಗೆ ಮೂರು ಪಿನ್ನಿನ ಅರ್ಥ್ ಕಡ್ಡಾಯ. ಪ್ರೈಮರಿಗೆ 1 ಆಂಪ್ ಸ್ಲೋ-ಬ್ಲೋ ಫ್ಯೂಸ್.

ಮೊದಲ ಸಲ ಆನ್ ಮಾಡುವಾಗ ಸ್ಪೀಕರ್ ಬೇಡ. ಫೇಸ್ ತಂತಿಗೆ ಸೀರೀಸಿನಲ್ಲಿ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ, ಎಲ್‌ಇಡಿ ಆಗದು. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಶಾರ್ಟ್. ಔಟ್‌ಪುಟ್ಟಿನಲ್ಲಿ ಡಿಸಿ 50 ಮಿಲಿವೋಲ್ಟಿಗಿಂತ ಕಡಿಮೆ ಬಂದರೆ ಬಲ್ಬ್ ತೆಗೆದು ಮತ್ತೊಮ್ಮೆ ಅಳೆಯಿರಿ. ಆಮೇಲೂ ಮೊದಲು ಒಂದು ಹಳೇ ಸ್ಪೀಕರ್ ಹಾಕಿ ಅರ್ಧ ಗಂಟೆ ಓಡಿಸಿ ನೋಡಿ.